ಬಾಳೆನಾರು ಕಟ್ಟದ ಸಸಿಗಳು

ಮಾವನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಹುಟ್ಟಿದ್ದೇ ಅಲ್ಲವೇನೋ ಅನ್ನುವಷ್ಟು ಅಗಲವಾಗಿತ್ತು. ಉಗುರಿನ ಸಂದಿಯಲ್ಲಿ ತೆಂಗಿನ ಮಟ್ಟೆಯ ಕರೆ, ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ್ದು. ಆ ಹೆಬ್ಬೆರಳನ್ನು ತೆಂಗಿನ ಸಸಿಯ ಬುಡಕ್ಕೆ ಒತ್ತಿ, ಕಣ್ಣು ಮುಚ್ಚಿಕೊಂಡು, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದ. ಆಮೇಲೆ "ಇದ್ ತಗಳಿ" ಅಂತ ಕೈಗೆ ಕೊಡುತ್ತಿದ್ದ, ಇಲ್ಲವೇ ಪಕ್ಕಕ್ಕೆ ಎಸೆಯುತ್ತಿದ್ದ. ಸಸಿ ಕೊಳ್ಳಲು ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನೂ ಹಾಗೇ ನೋಡಿದವಳು. ಕಣ್ಣು ಯಾಕೆ ಮುಚ್ಚುತ್ತಾನೆ ಅಂತ ಮಾತ್ರ ಒಂದು ದಿನವೂ ಕೇಳಲಿಲ್ಲ.

ಅವನು ನನ್ನ ಅಮ್ಮನ ತಮ್ಮ. ಹೊನ್ನವಳ್ಳಿಯಿಂದ ಸ್ವಲ್ಪ ಒಳಗೆ ಅವನ ಊರು. ಮನೆಯ ಹಿಂದೆ ತೋಟ, ತೋಟದ ನೆರಳಲ್ಲಿ ಸಾಲುಸಾಲಾಗಿ ಸಸಿ ಮಡಿ. ಮಕ್ಕಳಿಲ್ಲದ ಮನೆ, ರಜೆ ಬಂದರೆ ನಾವೇ ಆ ಮನೆಯ ಮಕ್ಕಳು. ತಿಪಟೂರು, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯಿಂದೆಲ್ಲ ಜನ ಅವನಲ್ಲಿಗೇ ಸಸಿಗೆ ಬರುತ್ತಿದ್ದರು. ತೆಂಗಿನ ಸಸಿ ಕೊಳ್ಳುವುದೆಂದರೆ ಹೆಣ್ಣು ನೋಡಿದ ಹಾಗೆ, ಇವತ್ತಿನ ಮಾತು ನಿಜವೋ ಸುಳ್ಳೋ ಗೊತ್ತಾಗಲು ಏಳೆಂಟು ವರ್ಷ ಬೇಕು. ಅಲ್ಲಿಯವರೆಗೆ ಇರುವುದು ನಂಬಿಕೆ ಒಂದೇ. ಮಾವ ಬದುಕಿದ್ದು ಆ ನಂಬಿಕೆಯ ಮೇಲೆ.

ಆದರೂ ಜಂಬ ಕೊಚ್ಚುತ್ತಿರಲಿಲ್ಲ. "ತಾಯಿ ಮರ ನಾನ್ ತೋರಿಸ್ತೀನಿ ಕಣ್ರೀ, ಅಪ್ಪ ಯಾರು ಅಂತ ಗಾಳೀನೇ ಕೇಳ್ಬೇಕು" ಅಂತ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತಿದ್ದ. ನಮ್ಮ ನಾಟಿ ಮರ ಬೇರೆ ಮರದ ಪರಾಗದಿಂದಲೇ ಸಾಮಾನ್ಯವಾಗಿ ಕಾಯಿ ಕಟ್ಟುತ್ತದೆ, ಹಾಗಾಗಿ ತಾಯಿ ಎಷ್ಟೇ ಚೆನ್ನಾಗಿದ್ದರೂ ಮಗು ಹೇಗಿರುತ್ತದೋ ಹೇಳಲಾಗದು. ನಾನು ಎಮ್ಮೆಸ್ಸಿಯಲ್ಲಿ ದಪ್ಪ ದಪ್ಪ ಪುಸ್ತಕ ಓದಿ ತಿಳಿದದ್ದನ್ನು ಅವನು ಬೀಡಿ ಹಚ್ಚಿಕೊಂಡು ಹೇಳುತ್ತಿದ್ದ.

ಮಕ್ಕಳಿಗೆ ಅವನದೊಂದು ಆಟವಿತ್ತು. ಸಂತೆಯಿಂದ ತಂದ ಟೊಮೆಟೊ, ಮೆಣಸಿನಕಾಯಿ, ಅತ್ತೆಯ ರವಿಕೆ ಬಟ್ಟೆ, ಏನೇ ಇರಲಿ ಎತ್ತಿ ಹಿಡಿದು, "ಹೇಳು ನೋಡಾಣ, ಇದ್ಯಾವ ಬಣ್ಣ?" ಅನ್ನುತ್ತಿದ್ದ. ಹೇಳಿದರೆ ಒಂದು ಚೂರು ಕೊಬ್ಬರಿ, ಬೆಲ್ಲ. ನಾನು ಕೆಂಪು, ಹಸಿರು, ಕಂದು ಕಲಿತದ್ದು ಅಂಗನವಾಡಿಯಲ್ಲಲ್ಲ, ಮಾವನ ಜಗಲಿಯಲ್ಲಿ. ಎಷ್ಟು ತಾಳ್ಮೆಯಿಂದ ಕಲಿಸುತ್ತಾನೆ ಅಂದುಕೊಂಡಿದ್ದೆ. ಅತ್ತೆ ಕನಕಾಂಬರ ಬಿಡಿಸಿಕೊಂಡು ಬಾ ಅಂದರೆ ಮಾತ್ರ, "ಅದು ಹೆಂಗಸ್ರ ಕೆಲ್ಸ, ಹೋಗೇ" ಅಂತ ತಪ್ಪಿಸಿಕೊಳ್ಳುತ್ತಿದ್ದ.

ನಾನು ತಿಪಟೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಮಾವ ನನ್ನನ್ನು ಮೇಷ್ಟ್ರಮ್ಮ ಅಂತ ಕರೆಯತೊಡಗಿದ. ಮೇಷ್ಟ್ರಮ್ಮನಿಗೆ ತಲೆ ತಿರುಗಿತು ನೋಡಿ! ಹೊಸ ಕಾಲಕ್ಕೆ ತಕ್ಕಂತೆ ಹೈಬ್ರಿಡ್ ಸಸಿ ಮಾಡು ಅಂತ ಅವನ ಬೆನ್ನು ಹತ್ತಿದೆ. ಗಿಡ್ಡ ತಳಿಯ ಮರಕ್ಕೆ ನಮ್ಮ ಎತ್ತರದ ನಾಟಿ ಮರದ ಪರಾಗ ಕೊಟ್ಟರೆ ಹುಟ್ಟುವ ಸಸಿ ಬೇಗ ಫಲಕ್ಕೆ ಬರುತ್ತದೆ, ಕೊಬ್ಬರಿಯೂ ಚೆನ್ನಾಗಿರುತ್ತದೆ. ಆದರೆ ಗಿಡ್ಡ ಮರ ಬಲು ಕಳ್ಳ. ಎಷ್ಟು ಕಾದರೂ ತನ್ನ ಪರಾಗ ತಾನೇ ತೆಗೆದುಕೊಂಡು ಕೆಲವು ಕಾಯಿ ಕಟ್ಟಿಬಿಡುತ್ತದೆ. ಅದರಿಂದ ಹುಟ್ಟುವುದು ಬರೀ ಗಿಡ್ಡ, ಅದರ ಕೊಬ್ಬರಿ ಮೆತ್ತಗೆ. ಉಂಡೆ ಕೊಬ್ಬರಿ ನಂಬಿದ ನಮ್ಮ ಸೀಮೆಯಲ್ಲಿ ಅದನ್ನು ಯಾರು ಕೇಳುತ್ತಾರೆ? ಎರಡನ್ನೂ ಮಡಿಯಲ್ಲೇ ಬೇರೆ ಮಾಡಲು ಇರುವ ಸುಲಭದ ಗುರುತು ಎಳೆ ಗರಿಯ ದಂಟಿನ ಬಣ್ಣ. ಅಪ್ಪನ ಕಡೆಯ ಜೀನು ಬಂದಿದ್ದರೆ ದಂಟು ಕಂದು. ತಾಯಿಯದಷ್ಟೇ ಆದರೆ ಹಸಿರು, ಕಿತ್ತು ಎಸೆಯಬೇಕು.

ಇದನ್ನೆಲ್ಲ ನಾನು ಭಾಷಣದ ಹಾಗೆ ಹೇಳಿ ಮುಗಿಸಿದಾಗ ಮಾವ ತನ್ನ ಹೆಬ್ಬೆರಳು ನೋಡಿಕೊಂಡ.

"ಬಣ್ಣ ನೋಡ್ಬೇಕಾ? ಬೆರಳಿಗೆ ಸಿಕ್ಕಲ್ವಾ ಅದು?" ಅಂದ.

"ಬಣ್ಣ ಬೆರಳಿಗೆ ಸಿಗುತ್ತಾ ಮಾವ! ಒಳ್ಳೇ ಕತೆ" ಅಂತ ನಾನು ನಕ್ಕೆ. ಅತ್ತೆ ಒಳಗಿನಿಂದ ಬಂದು, "ನಾನ್ ನೋಡ್ಕತೀನಿ ಬುಡಿ" ಅಂದಳು.

ಆ ವರ್ಷದಿಂದ ಅತ್ತೆ ಮಡಿಗೆ ಇಳಿದು ಕಂದು ದಂಟಿನ ಸಸಿಗಳಿಗೆಲ್ಲ ಒಂದೊಂದು ಎಳೆ ಬಾಳೆನಾರು ಕಟ್ಟುತ್ತಿದ್ದಳು. ಮಾವ ನಾರನ್ನು ಮುಟ್ಟಿ ನೋಡಿ, ಆಮೇಲೆ ಬುಡಕ್ಕೆ ಹೆಬ್ಬೆರಳು ಒತ್ತಿ ಆರಿಸುತ್ತಿದ್ದ. ಗಂಡ ಹೆಂಡತಿ ಎಷ್ಟು ಚೆಂದ ಕೆಲಸ ಹಂಚಿಕೊಂಡಿದ್ದಾರೆ ಅಂತ ನಾನು ನನ್ನ ಜೊತೆಯ ಉಪನ್ಯಾಸಕರಿಗೆಲ್ಲ ಹೇಳಿದೆ. ಅವರಿಗೂ ಅವರ ನೆಂಟರಿಗೂ ಅಲ್ಲಿಂದಲೇ ಸಸಿ ಕೊಡಿಸಿದೆ. ಮಾವನ ಹೆಸರಿಗೆ ನನ್ನ ಹೆಸರೂ ಅಂಟಿಕೊಂಡಿತು. ನನಗೆ ಅದು ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅತ್ತೆ ಹೋದಳು. ಮೂರು ದಿನದ ಜ್ವರಕ್ಕೆ, ಮಡಿಯ ತುಂಬ ಸಸಿ ಇರುವಾಗಲೇ. ಅದಾಗಿ ತಿಂಗಳ ಮೇಲೆ ಮಾವ ಫೋನು ಮಾಡಿದ. ಯಾವತ್ತೂ ಏನೂ ಕೇಳಿದವನಲ್ಲ. "ಒಂದ್ ಭಾನುವಾರ ಬಂದ್ ಹೋಗವ್ವ. ನಿಮ್ಮತ್ತೆ ನಾರು ಕಟ್ತಿದ್ಲಲ್ಲ, ಅದೊಂದ್ ಕಟ್ಕೊಟ್ ಹೋಗು."

ನನ್ನ ಮುಂದೆ ಪರೀಕ್ಷೆಯ ಪೇಪರುಗಳ ಕಟ್ಟು ಇತ್ತು. "ಅಷ್ಟಕ್ಕೆ ನಾನ್ಯಾಕೆ ಮಾವ? ನೋಡಿದ್ರೆ ಗೊತ್ತಾಗುತ್ತಲ್ಲ. ನಾರು ಕಟ್ಟದೇ ಇದ್ರೂ ಆಗುತ್ತೆ" ಅಂದೆ.

"ಹೂ... ಅದೂ ಸರಿ ಬುಡು" ಅಂದ. ಫೋನು ಇಟ್ಟ.

ನಾನು ಹೋಗಲಿಲ್ಲ. ಆ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ.

ಐದು ವರ್ಷದ ಮೇಲೆ ಒಂದು ದಿನ ನಾನು ಮಾವನ ಮನೆಯಲ್ಲಿದ್ದಾಗಲೇ ಶೆಟ್ಟಿಕೆರೆಯ ರೈತರೊಬ್ಬರು ಬಂದರು. ಅತ್ತೆ ಹೋದ ವರ್ಷ ಸಸಿ ಒಯ್ದಿದ್ದವರು. ಕೈಚೀಲದಿಂದ ಒಣಗಿದ ಕೊಬ್ಬರಿ ಹೋಳು ತೆಗೆದು ಮಡಚಿ ತೋರಿಸಿದರು. ಮುರಿಯಲಿಲ್ಲ, ಚಪ್ಪಲಿಯ ಅಟ್ಟೆಯ ಹಾಗೆ ಬಗ್ಗಿತು.

"ಯಜಮಾನ್ರೇ, ಜಗಳಕ್ಕೆ ಬಂದಿಲ್ಲ ಕಣ್ರೀ. ಅರ್ಧಕ್ಕರ್ಧ ಬರೀ ಗಿಡ್ಡವೇ ಆಗೋಗವೆ. ಹಿಂಗ್ಯಾಕಾಯ್ತು ಅಂತ ಕೇಳಾಣ ಅಂತ ಬಂದೆ, ಅಷ್ಟೇಯ."

ಅಕ್ಕಪಕ್ಕದವರು ಮೂರ್ನಾಲ್ಕು ಜನ ಜಗಲಿಯ ಹತ್ತಿರ ಸೇರಿದರು. ಮಾವ ಆ ಹೋಳನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಏನಾದರೂ ಹೇಳುತ್ತಾನೆ ಅಂತ ಅವರು ಕಾಯುತ್ತಿದ್ದರು. ಹೇಳಿದ್ದು ನಾನು. ಆ ವರ್ಷ ಸಸಿ ಒಯ್ದ ನನ್ನ ಜೊತೆಯವರ ತೋಟದಲ್ಲೂ ಇದೇ ಕತೆ ಆಗಿರುತ್ತದಲ್ಲ, ನಾಳೆ ಸ್ಟಾಫ್ ರೂಮಿನಲ್ಲಿ ನನ್ನ ಮಾನ ಹೋಗುತ್ತದಲ್ಲ ಅನ್ನುವ ಉರಿ ನನಗೆ. ಆ ಮನುಷ್ಯ ಬಯ್ಯಲಿಲ್ಲ, ನಾನು ಬೈದೆ.

"ಕಂದು ಯಾವ್ದು ಹಸಿರು ಯಾವ್ದು ಅಂತ ಅಂಗನವಾಡಿ ಮಗೂಗೂ ಗೊತ್ತಾಗುತ್ತೆ ಮಾವ. ನಿಂಗೆ ಗೊತ್ತಾಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಗೊತ್ತಿದ್ದೂ ಸೇರಿಸಿ ಮಾರಿದ್ದೀಯ ಅಂತ ತಾನೇ ಅರ್ಥ?"

ಮಾವ ತಲೆ ಎತ್ತಿ ನನ್ನನ್ನು ನೋಡಿದ. ಕೋಪವಿರಲಿಲ್ಲ. ಏನೋ ಹೇಳಲು ಬಾಯಿ ತೆರೆದವನು, ನೆರೆದವರನ್ನು ನೋಡಿ ಮುಚ್ಚಿಕೊಂಡ.

"ಹೂ ಕಣವ್ವ. ಹಂಗೇ ಇರ್ಬೋದು."

ಅಷ್ಟೇ. ರೈತರು ಚೀಲ ಮಡಚಿಕೊಂಡು ಎದ್ದು ಹೋದರು. ಆ ವಾರವೇ ಮಾವ ಮಡಿಗಳನ್ನೆಲ್ಲ ಅಗೆದು ಹುರುಳಿ ಚೆಲ್ಲಿದ. ತನ್ನ ನಾಟಿ ಸಸಿಗಳಲ್ಲಿ ಆರಿಸಿ ಒಂದು ಲಗೇಜ್ ಆಟೋ ತುಂಬ ಶೆಟ್ಟಿಕೆರೆಗೆ ಒಯ್ದನಂತೆ. ಅವರು ಬೇಡವೆಂದರಂತೆ. ಹಾಗೇ ವಾಪಸು ತಂದು ತನ್ನ ಬೇಲಿಯ ಉದ್ದಕ್ಕೂ ನೆಟ್ಟ. ಸಸಿಗೆಂದು ಆಮೇಲೆ ಅವನ ಬಾಗಿಲಿಗೆ ಯಾರೂ ಬರಲಿಲ್ಲ.

ನನ್ನ ಮೇಲೆ ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು. ಮುನಿಸಿಕೊಳ್ಳಲಿಲ್ಲ. ಹೋದರೆ ಎಳನೀರು ಕೆತ್ತಿ ಕೊಡುತ್ತಿದ್ದ, ಮೇಷ್ಟ್ರಮ್ಮ ಅನ್ನುತ್ತಿದ್ದ. ನನ್ನ ಮಗನ ಜೊತೆ ಗಂಟೆಗಟ್ಟಲೆ ತೋಟದಲ್ಲಿ ಕೂರುತ್ತಿದ್ದ. ಒಂದು ಸಲ ಅಡುಗೆಗೆ ಹಣ್ಣಾದ ಟೊಮೆಟೊ ಆರಿಸಿ ತಾ ಅಂತ ಮಗನನ್ನು ಹಿತ್ತಿಲಿಗೆ ಕಳಿಸಿದೆ. ಅವನು ಒಂದೊಂದನ್ನೂ ಒತ್ತಿ, ಮೂಸಿ, ಮತ್ತೆ ಒತ್ತಿ ಕೀಳುತ್ತಿದ್ದ. ಮಾವ ಅದನ್ನೇ ನೋಡುತ್ತಿದ್ದವನು ನನ್ನ ಹತ್ತಿರ ಬಂದು ಮೆಲ್ಲಗೆ ಅಂದ:

"ಇವ್ನು ನನ್ನಂಗೇ ಕಣವ್ವ. ಸ್ವಲ್ಪ ನೋಡ್ಕೋ."

"ನಿನ್ನಂಗ್ಯಾಕಾಗ್ತಾನೆ?" ಅಂದೆ ನಾನು. ಹಾಗೇ ಅಂದೆ, ಮುಖಕ್ಕೆ ಹೊಡೆದ ಹಾಗೆ.

ಮಾವ ಸತ್ತು ಎರಡು ವರ್ಷವಾಯಿತು. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದವನು ಪಂಪಿನ ಮನೆಯ ಕಟ್ಟೆಯ ಮೇಲೆ ಕೂತ, ಮತ್ತೆ ಏಳಲಿಲ್ಲ. ಒಂದು ಕಾಲದಲ್ಲಿ ಮೂರು ತಾಲ್ಲೂಕಿಗೆ ಸಸಿ ಕೊಟ್ಟವನ ಮಣ್ಣಿಗೆ ಬಂದವರು ನೆಂಟರು, ಬೀದಿಯವರು, ಅಷ್ಟೇ.

ಕಳೆದ ವರ್ಷ ಮಗನ ಸ್ಕೂಲಿನಲ್ಲಿ ಕಣ್ಣಿನ ತಪಾಸಣೆ ಮಾಡಿದರು. ಬಣ್ಣದ ಚುಕ್ಕಿಗಳ ಪುಸ್ತಕದಲ್ಲಿ ಬೇರೆ ಮಕ್ಕಳಿಗೆ ಕಂಡ ಅಂಕಿ ಇವನಿಗೆ ಕಾಣಲಿಲ್ಲವಂತೆ. ಚೀಟಿಯಲ್ಲಿ ಬರೆದಿತ್ತು: ಕೆಂಪು-ಹಸಿರು ಬಣ್ಣಗುರುಡು.

ಈ ಪಾಠವನ್ನು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು, ಎಕ್ಸ್ ಕ್ರೋಮೋಸೋಮಿನ ಮೇಲಿನ ಒಂದು ಜೀನಿನಲ್ಲಿ ಯಾವತ್ತೋ ಆದ ಪುಟ್ಟ ಬದಲಾವಣೆ ತಾಯಿಯಿಂದ ಮಗನಿಗೆ ಹೇಗೆ ಇಳಿಯುತ್ತದೆ ಅಂತ ಬೋರ್ಡ್ ತುಂಬ ಬರೆದಿದ್ದೇನೆ. ಹೆಣ್ಣಿಗೆ ಎರಡು ಎಕ್ಸ್, ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ, ಅವಳು ಅದನ್ನು ಹೊತ್ತಿರುವುದು ಅವಳಿಗೇ ಗೊತ್ತಾಗುವುದಿಲ್ಲ. ಚೀಟಿಯ ಹಿಂದೆಯೇ ಬರೆದೆ. ಮಗ. ಅವನ ಮೇಲೆ ನಾನು. ನನ್ನ ಮೇಲೆ ಅಮ್ಮ. ಅಮ್ಮನ ಮೇಲೆ ಅಜ್ಜಿ. ಅಮ್ಮನ ಪಕ್ಕದಲ್ಲಿ ಒಂದು ಚೌಕ. ಇಷ್ಟು ಮಾತಾಡುವ ನನ್ನಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದದ್ದು ಆ ಜೀನು ಒಂದೇ.

ಅಮ್ಮನನ್ನು ಕೇಳಿದೆ. "ಸ್ಕೂಲಲ್ಲಿ ಬಾವುಟದ ಚಿತ್ರಕ್ಕೆ ಮೇಲೆ ಹಸಿರು, ಕೆಳಗೆ ಕೇಸರಿ ಬಳಿದಿದ್ದ ಅಂತ ಮೇಷ್ಟ್ರು ಬಾಸುಂಡೆ ಬರೋ ಹಂಗೆ ಹೊಡೆದಿದ್ರು ಕಣೇ. ಆಮೇಲೆ ಸ್ಕೂಲಿಗೇ ಹೋಗ್ಲಿಲ್ಲ. ದಡ್ಡ ಅಂದ್ಕೊಂಡಿದ್ವಿ" ಅಂದಳು.

ಮಗನನ್ನು ಕೂರಿಸಿಕೊಂಡೆ. ಇಷ್ಟು ವರ್ಷ ಯಾಕೋ ಹೇಳಲಿಲ್ಲ ಅಂದೆ.

"ಹೇಳಿದ್ರೆ ನೀನು ಬೈತಿದ್ದೆ. ತಾತ ಒಂದು ಐಡಿಯಾ ಹೇಳ್ಕೊಟ್ಟಿದ್ರು" ಅಂದ. ಮಾವನನ್ನು ಅವನು ತಾತ ಅನ್ನುತ್ತಿದ್ದ.

"ಏನು ಐಡಿಯಾ?"

"ಗೊತ್ತಾಗ್ದಿದ್ರೆ ಸುಮ್ನೆ ಕೂರ್ಬೇಡ, ನೀನೇ ಕೇಳ್ಬುಡು, ಹೇಳು ನೋಡಾಣ ಇದ್ಯಾವ ಬಣ್ಣ ಅಂತ. ಎಲ್ರೂ ಆಟ ಅಂದ್ಕತಾರೆ ಅಂದಿದ್ರು."

ಅಯ್ಯೋ ನನ್ನಪ್ಪಾ! ಆ ಜಗಲಿ, ಆ ಕೊಬ್ಬರಿ ಚೂರು, ಆ ಬೆಲ್ಲ. ಅವನು ನನಗೆ ಕಲಿಸುತ್ತಿರಲಿಲ್ಲ, ನನ್ನನ್ನು ಕೇಳಿ ತಿಳಿದುಕೊಳ್ಳುತ್ತಿದ್ದ. ಮೂರು ವರ್ಷದ ನಾನು ಹೇಳಿಕೊಟ್ಟದ್ದನ್ನು ಮೇಷ್ಟ್ರಮ್ಮನಾದ ನಾನು ಹೇಳಿಕೊಡಲು ಹೋಗಲಿಲ್ಲ.

ಮುಂದಿನ ವಾರ ಶೆಟ್ಟಿಕೆರೆಗೆ ಬಸ್ಸು ಹತ್ತಿದೆ. ಆ ರೈತರು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮಾವನಿಗೆ ಕಂದು, ಹಸಿರು ಎರಡೂ ಒಂದೇ ಥರ ಕಾಣುತ್ತಿದ್ದವು, ಅದು ಹುಟ್ಟಿನಿಂದ ಬಂದದ್ದು, ನನ್ನ ಮಗನಿಗೂ ಇದೆ, ಅವನು ಮೋಸ ಮಾಡಲಿಲ್ಲ, ಬಾ ಅಂತ ಕರೆದಾಗ ನಾನು ಹೋಗಲಿಲ್ಲ ಅಂತ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಅವತ್ತು ನಾನು ಮೋಸ ಅಂತ ಅಂದ್ಕಂಡೇ ಇರ್ಲಿಲ್ಲ ಕಣವ್ವ" ಅಂದರು. "ಅಂಥ ಮನ್ಷ ಅಲ್ಲ, ಏನೋ ಹೆಚ್ಚುಕಮ್ಮಿ ಆಗಿರ್ಬೇಕು ಅಂತ ಕೇಳಕ್ಕೆ ಬಂದಿದ್ದೆ. ನೀವು ಮನೆ ಮಗಳು, ಓದಿದೋರು, ನೀವೇ ಹಂಗಂದ್ರಲ್ಲ. ಅದ್ಕೇ ನಂಬ್ದೆ. ಸಸಿ ತಂದಾಗ ಬಾಗಿಲಿಂದಾನೇ ಕಳಿಸ್ದೆ. ಒಂದ್ ಲೋಟ ನೀರು ಕೊಡ್ಲಿಲ್ಲ. ಮಣ್ಣಿಗೂ ಬರ್ಲಿಲ್ಲ."

ಕ್ಷಮಿಸಿ ಅಂದೆ. ಅದನ್ನು ಕೇಳಬೇಕಾದವರು ಅವರಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವರ ಹೆಂಡತಿ ಕಾಫಿ ತಂದರು. ಹೊರಡುವಾಗ ಅವರು, "ಇವತ್ ರಜಾನಾ ಮೇಡಮ್ಮ?" ಅಂತ ಮಾತಿಗೆ ಕೇಳಿದರು.

"ಹೂ, ಭಾನುವಾರ ಅಲ್ವಾ" ಅಂದೆ. ಮಾವ ಜೀವಮಾನದಲ್ಲಿ ನನ್ನನ್ನು ಕೇಳಿದ್ದು ಅಂಥದ್ದೇ ಒಂದು ದಿನ.