ಅಕ್ಕನ ಕೋಣೆಯ ಅಳತೆ

ತಂಪಾದ ಕೋಣೆ ರೇಷ್ಮೆ ಹುಳುವಿಗೆ, ಮಿಕ್ಕ ಜಾಗ ಮನುಷ್ಯರಿಗೆ. ದೊಡ್ಡಆಲಹಳ್ಳಿಯಲ್ಲಿ ನಾವು ಮಕ್ಕಳಾಗಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ. ಹಾಸಿಗೆಗೂ ಬಟ್ಟೆಗೂ ಕಡೆಗೆ ಉಣ್ಣುವ ಉಪ್ಸಾರಿಗೂ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಹತ್ತಿರುತ್ತಿತ್ತು.

ಜಯಕ್ಕ ನನಗಿಂತ ಐದು ವರ್ಷ ದೊಡ್ಡವಳು. ಆ ಬೇಸಿಗೆ ಅವಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಟೀಚರ್ ಆಗಬೇಕೆಂದು ಅವಳಿಗೆ ಆಸೆ. ಓದಲು ಸೊಪ್ಪು ಇಡುವ ಕೋಣೆ ಸೇರಿಕೊಂಡಿದ್ದಳು. ಶೀಟಿನ ಸೂರು, ಒಂದು ಗೋಡೆಯಿಂದ ಮುಂದಕ್ಕೆ ಚಾಚಿದ ಕಲ್ಲಿನ ಅಟ್ಟ. ಮಧ್ಯಾಹ್ನ ಒಳಗೆ ಕಾಲಿಡಲಾಗುತ್ತಿರಲಿಲ್ಲ. ಅವಳು ಮಾತ್ರ ಒದ್ದೆ ಗೋಣಿಚೀಲದ ಮೇಲೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಬೆವರು ಬಿದ್ದು ಅಂಕಿಗಳು ಕಲಸಿಹೋಗುತ್ತಿದ್ದವು.

ರೇಷ್ಮೆ ಗೂಡು ಮಾರಿ ಬಂದ ಅಪ್ಪ, "ನಿನ್ ರೂಮ್ಗೆ ಒಂದು ಫ್ಯಾನ್ ತಂದ್ಬುಡ್ತೀನಿ ಕಣವ್ವ, ಓದ್ಕೊ" ಅಂದ. ಕನಕಪುರದ ಅಂಗಡಿಯವನು ಕೋಣೆಯ ಅಳತೆ ಕೇಳಿದ್ದನಂತೆ. ಚಿಕ್ಕ ಕೋಣೆಗೆ ಚಿಕ್ಕ ರೆಕ್ಕೆ, ದೊಡ್ಡದಕ್ಕೆ ದೊಡ್ಡ ರೆಕ್ಕೆ. ಅಪ್ಪ ನನ್ನ ಕೈಗೆ ದಾರ ಕೊಟ್ಟು, "ಅಟ್ಟದ ಅಂಚಿಂದ ಎದುರು ಗೋಡೆಗಂಟ ಹಿಡ್ದು ಗಂಟು ಹಾಕ್ಕಂಡ್ ಬಾರ್ಲಾ" ಅಂದ.

ಒಂದು ತುದಿ ಅಕ್ಕ ಹಿಡಿದಳು. ಇನ್ನೊಂದು ಕಡೆ ನಾನು ಗಂಟು ಹಾಕಿದೆ.

ಪಕ್ಕದ ಮನೆಯವರ ನಡುಮನೆಯಲ್ಲಿ ಹೊಂಬಣ್ಣದ ಗೆರೆಯ ದೊಡ್ಡ ಫ್ಯಾನಿತ್ತು. ಅದರ ಕೆಳಗೆ ಹುಡುಗರೆಲ್ಲ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. "ಬಾಗ್ಲತ್ರ ಕೂತ್ಕಳ್ಲಾ, ಗಾಳಿಗೆ ಅಡ್ಡ ಬರ್ಬೇಡ" ಎಂದು ನನ್ನನ್ನು ತಳ್ಳುತ್ತಿದ್ದರು. ನಮ್ಮ ಮನೆಗೂ ಅಂಥದ್ದೇ ಬರಬೇಕು ಅನ್ನಿಸಿತು. ಹೊರಗೆ ಬಂದವನು ಗಂಟು ಬಿಚ್ಚಿದೆ. ನಮ್ಮ ನಡುಮನೆಯನ್ನು ಅಳೆದು ಹೊಸ ಗಂಟು ಹಾಕಿದೆ. ಅಪ್ಪ ಸುತ್ತಿದ ದಾರವನ್ನು ನೋಡದೆ ಜೇಬಿಗೆ ಹಾಕಿಕೊಂಡ.

ಫ್ಯಾನು ಬಂತು. ಅಕ್ಕನ ಕೋಣೆಗೆ ಏರಿಸಿ ಕೈಯಲ್ಲಿ ತಿರುಗಿಸಿದರೆ ರೆಕ್ಕೆ ಅಟ್ಟಕ್ಕೆ ಬಡಿಯಿತು. ಡಬ್ಬ ಒಡೆದ ಮೇಲೆ ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ.

"ಅವ್ನ ಬಾಯ್ಗೆ ಮಣ್ಣಾಕ, ಅಳತೆ ಕೊಟ್ರೂ ಹಿಂಗ್ ಮಾಡ್ಬುಟ್ಟ!" ಎಂದು ಅಪ್ಪ ಬೈದ.

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. "ಬುಡಪ್ಪ, ಗಾಳಿಗೆ ಸೊಪ್ಪು ಒಣಗೋಯ್ತದೆ. ನಡುಮನೇಲೇ ಇರ್ಲಿ."

ಆ ಬೇಸಿಗೆ ಹುಡುಗರೆಲ್ಲ ನಮ್ಮ ಮನೆಗೇ ಬಂದರು. ನಾನು ಫ್ಯಾನಿನ ನೇರ ಕೆಳಗೆ ಕೂತೆ. ನಮ್ಮ ಗಲಾಟೆ ಗೋಡೆ ದಾಟಿ ಅಕ್ಕನ ಗೋಣಿಚೀಲದವರೆಗೂ ಹೋಗುತ್ತಿತ್ತು. ಅವಳು ಲೆಕ್ಕದಲ್ಲಿ ಫೇಲಾದಳು.

"ಇನ್ನೊಂದ್ಸಲ ಪರೀಕ್ಷೆ ಕಟ್ತೀನಿ ಕಣಪ್ಪ."

"ಸಾಕ್ ಬುಡವ್ವ."

ಮುಂದಿನ ವರ್ಷ ಅವಳನ್ನು ಬೈರಮಂಗಲಕ್ಕೆ ಮದುವೆ ಮಾಡಿಕೊಟ್ಟರು. ಎಂಟನೇ ಕ್ಲಾಸಿಗೆ ನಾನೂ ಶಾಲೆ ಬಿಟ್ಟೆ. ನನಗೆ ಅಕ್ಷರ ರುಚಿಸಿರಲಿಲ್ಲ, ಅದಕ್ಕೆ ದುಃಖವಿಲ್ಲ. ಅಕ್ಕನಿಗೆ ರುಚಿಸಿತ್ತು.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅಕ್ಕನ ಮಗಳಿಗೆ ಈ ಸಲ ಎಸ್ಸೆಸ್ಸೆಲ್ಸಿ. ಅವಳಿಗೊಂದು ಪುಟ್ಟ ಕೋಣೆ ಕಟ್ಟಿಸಿದ್ದಾರೆ. ಫ್ಯಾನು ನಾನು ತರುತ್ತೇನೆ ಅಂದೆ. ಅಕ್ಕ ಒಳಗಿನಿಂದ ದಾರ ತಂದಳು.

"ನನ್ನೆದುರ್ಗೇ ಗಂಟು ಹಾಕ್ಲಾ" ಎಂದು ನಕ್ಕಳು.

ನನ್ನ ಕೈ ನಿಂತಿತು. "ಅಕ್ಕಾ, ಅವತ್ತು ನಾನು..."

"ಗೊತ್ತು ಕಣ್ಲಾ. ಆ ದಾರದಲ್ಲೇ ಅಲ್ವೇನ್ಲಾ ಫೇಲಾದ್ಮೇಲೆ ನಾನು ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕಿದ್ದು? ಮೊದಲ್ನೇ ಗಂಟಿನ ಸುಕ್ಕು ಹಂಗೇ ಇತ್ತು."

"ಅಪ್ಪಂಗ್ಯಾಕೆ ಹೇಳ್ನಿಲ್ಲ?"

"ಹೇಳಿದ್ರೆ ಹೊಡೀತಿದ್ದ ನಿನ್ನ. ಒಸಿ ಬಿಗಿಯಾಗಿ ಹಿಡ್ಕೊ ಈಗ."

ಈಗ ಅಪ್ಪನಿಲ್ಲ, ಸೊಪ್ಪಿನ ಕೋಣೆಯೂ ಇಲ್ಲ. ಆ ಫ್ಯಾನು ಮಾತ್ರ ನನ್ನ ನಡುಮನೆಯಲ್ಲಿ ಇನ್ನೂ ತಿರುಗುತ್ತದೆ. ಸೆಖೆಯಾದರೆ ನಾನು ಎದ್ದು ಜಗಲಿಗೆ ಹೋಗಿ ಕೂರುತ್ತೇನೆ. ಬಿಚ್ಚಿದ ಗಂಟಿಗೂ ಹಾಕಿದ ಗಂಟಿಗೂ ನಡುವೆ ಇದ್ದದ್ದು ಒಂದು ಮಾರು ದಾರ. ಅಷ್ಟರಲ್ಲೇ ಅಕ್ಕನ ಶಾಲೆ, ಅವಳ ಕರಿಹಲಗೆ, ಅವಳನ್ನು 'ಟೀಚರ್' ಅನ್ನಬೇಕಿದ್ದ ಮಕ್ಕಳು, ಎಲ್ಲ ಹೋಯಿತು.