ನಕ್ಷೆಯ ಜಾಗದಲ್ಲಿ ಹಿತ್ತಾಳೆ ಬಿಲ್ಲೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ಕಡೆಯ ಜಮೀನು ನಕ್ಷೆಗಳಿದ್ದ ಒಂದು ಸರ್ವೆ ಕಚೇರಿಗೆ ನಾನು ರೆಕಾರ್ಡ್ ಕೀಪರ್ ಆಗಿ ಬಂದೆ. ಎಂಟು ಜನ ಸರ್ವೆಯರುಗಳಿಗೂ ಒಂದೇ ಕೊಠಡಿ, ಒಂದೇ ಬೀಗದ ಕೈ. ಅದು ಗೋಡೆ ಗಡಿಯಾರದ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬೇಕಾದವರು ತೆಗೆದು, ನಕ್ಷೆ ನೋಡಿ, ಮೂಲ ಹಾಳೆಯ ಮೇಲೇ ಶಾಯಿಯಲ್ಲಿ ತಿದ್ದಿ ಇಡುವುದು ರೂಢಿ.

ಒಂದು ಸೋಮವಾರ ಕೊಡಿಗೇನಹಳ್ಳಿ ಕಡೆಯ ಕೆಂಚಮ್ಮ ಬಂದಳು. ಕುರಿ ಸಾಕುವ ವಿಧವೆ. "ಬಾವಿ ತೋಡ್ದೋನು ನನ್ ಗಂಡ. ಈಗ ನಿಮ್ ನಕ್ಷೆ ಅದು ಪಕ್ಕದ ರಂಗಪ್ಪಂದು ಅಂತದೆ. ಬಾವಿಗೆ ಕಾಲು ಬಂತೇನ್ ಸ್ವಾಮಿ?"

ಹಾಳೆ ಬಿಡಿಸಿದೆ. ಒಬ್ಬರು ಎಳೆದ ಗಡಿಗೆರೆಯನ್ನು ಕೆರೆದು ಇನ್ನೊಬ್ಬರು ಬೇರೆ ಗೆರೆ ಎಳೆದಿದ್ದರು. ಯಾರೆಂದು ಕೇಳಿದರೆ ಎಂಟು ಬಾಯಲ್ಲೂ ಒಂದೇ ಮಾತು: "ನಾನಲ್ಲ." ಕೈ ಯಾರದೆಂದು ತಿಳಿಯದೆ ಯಾವ ಗೆರೆಯನ್ನು ನಂಬುವುದು? ಕಡೆಗೆ ಗಡಿಕಲ್ಲಿನಿಂದ ಗಡಿಕಲ್ಲಿಗೆ ಮತ್ತೆ ಅಳತೆಯ ಚೈನ್ ಹಿಡಿಸಿದೆವು. ಬಾವಿ ಕೆಂಚಮ್ಮನ ಕಡೆಗೇ ಬಂತು. ಹೊಸ ಹಾಳೆ ಬರೆದಾಯಿತು. ಬಾವಿ ತಕರಾರಿನ ವಿಚಾರಣೆಯ ದಿನದವರೆಗೆ ಅದಕ್ಕೆ ಯಾರ ಕೈಯೂ ತಾಗಬಾರದು.

ಕಚೇರಿಯ ಮುಖ್ಯಸ್ಥರಾದ ಸಾಹೇಬರು ಅಂಕಿ ತಿರುಗಿಸುವ ಬೀಗ ತರಿಸೋಣ ಎಂದರು.

"ಅಂಕಿ ಎಂಟು ಜನಕ್ಕೂ ಹೇಳಬೇಕಲ್ಲ ಸಾರ್. ಆಗ ಅದೂ ಗಡಿಯಾರದ ಹಿಂದಿನ ಮೊಳೆಯೇ," ಎಂದೆ.

ಬೀಗದ ಕೈ ನನ್ನ ಸೊಂಟಕ್ಕೆ ಬಂತು. ಸಾಹೇಬರೂ ಸೇರಿ ಒಬ್ಬೊಬ್ಬರಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಮಾಡಿಸಿದೆ. ಬಿಲ್ಲೆ ಕೊಟ್ಟು, ರಿಜಿಸ್ಟರಿನಲ್ಲಿ ರುಜು ಹಾಕಿದರೆ ನಕ್ಷೆ. ನಕ್ಷೆ ವಾಪಸು ಬರುವವರೆಗೆ ಅದರ ಗೂಡಿನಲ್ಲಿ ಬಿಲ್ಲೆ. ತಿದ್ದುವುದು ಪ್ರತಿಯ ಮೇಲೆ ಮಾತ್ರ. ಇನ್ನೊಬ್ಬರು ಪರಿಶೀಲಿಸಿದ ಮೇಲೆ ಮೂಲಕ್ಕೆ. ಬಿಲ್ಲೆ ಕಳೆದರೆ ಆ ಒಂದು ನಂಬರು ರದ್ದು, ಉಳಿದವರ ಕೆಲಸ ನಿಲ್ಲದು.

"ಮೇಷ್ಟ್ರು ಬಂದ್ರಪ್ಪೋ, ಹಾಜರಿ ಕೂಗ್ತಾರೆ!" ಎಂದು ಶಿರಾದ ಸರ್ವೆಯರ್ ಖಾದರ್ ಸಾಬ್ ನಗಾಡಿದರು. ನಗಲಿ ಎಂದು ಬಿಟ್ಟೆ.

ವಿಚಾರಣೆಯ ಹಿಂದಿನ ದಿನ ಸಾಹೇಬರೇ ಬಂದು ಅದೇ ಹಾಳೆ ಕೇಳಿದರು. ಅವರ ಬಿಲ್ಲೆ ಮನೆಯಲ್ಲಿತ್ತು.

"ನನಗೂ ಬೇಕೇನ್ರೀ?"

"ನಿಮಗೇ ಮೊದಲು ಬೇಕು ಸಾರ್."

ಒಂದು ಗಳಿಗೆ ದುರುಗುಟ್ಟಿ ನೋಡಿದರು. ಆಮೇಲೆ ಸೈಕಲ್ ಹತ್ತಿ ಹೋಗಿ ಬಿಲ್ಲೆ ತಂದರು. ಅಂದಿನಿಂದ ಖಾದರ್ ಸಾಬ್ ಬಿಲ್ಲೆಯನ್ನು ಜೇಬಿಗೆ ಪಿನ್ನು ಹಾಕಿಯೇ ಬರುತ್ತಿದ್ದರು.

ಮರುದಿನ ವಿಚಾರಣೆಯಲ್ಲಿ ರಂಗಪ್ಪ ಸವಾಲು ಹಾಕಿದ: "ಇದನ್ನೂ ಯಾರೋ ಕೆರೆದಿಲ್ಲ ಅಂತ ಹೆಂಗೆ ನಂಬ್ಲಿ?"

ರಿಜಿಸ್ಟರ್ ಬಿಚ್ಚಿ ಓದಿದೆ. ಹಾಳೆ ಗೂಡಿನಿಂದ ಹೊರಬಂದದ್ದು ಒಂದೇ ಸಲ, ಒಂದೇ ಬಿಲ್ಲೆ. ಆ ಬಿಲ್ಲೆಯ ಸಾಹೇಬರು ಎದುರಿಗೇ ಕೂತು, "ನೋಡಿದ್ದು ನಾನೇ. ಗೆರೆ ಮುಟ್ಟಿಲ್ಲ," ಎಂದರು.

ರಂಗಪ್ಪ ತಲೆ ಕೆರೆದುಕೊಂಡ. "ಸರಿ ಬುಡಮ್ಮೋ, ಬಾವಿ ನಿಂದೇ. ನನ್ನೆತ್ತಿಗೆ ನೀರು ಬುಡ್ತೀಯೋ ಇಲ್ವೋ?"

"ನಿನ್ನೆತ್ತೇನ್ ತೆಪ್ಪು ಮಾಡ್ತು? ಹೊಡ್ಕೊಂಡ್ ಬಾ," ಎಂದಳು ಕೆಂಚಮ್ಮ.

ನಾನು ನಿವೃತ್ತನಾಗುವವರೆಗೆ ಆ ಕೊಠಡಿಯಲ್ಲಿ "ನಾನಲ್ಲ" ಎಂಬ ಮಾತು ಮತ್ತೆ ಕೇಳಲಿಲ್ಲ. ಬೀಗ ಎಷ್ಟು ಗಟ್ಟಿ ಎಂದು ನೋಡುವ ಮೊದಲು, ಬಾಗಿಲು ತೆಗೆದವರು "ನಾನೇ" ಎನ್ನುವಂತಿದೆಯೇ ಎಂದು ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.