ಗೆರೆಯ ಮೇಲೆ ಬಿದ್ದ ಗುರುತು

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ತಕ್ಕಡಿಯಮ್ಮ ಎಂದೇ ಕರೆಯುತ್ತಿದ್ದರು. ಅವಳೇನೂ ಅಂಗಡಿ ಇಟ್ಟವಳಲ್ಲ, ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂರುತ್ತಿದ್ದವಳು. ಆ ಹೆಸರಿಟ್ಟವನು ಅವಳ ಗಂಡ, ದರ್ಜಿ. ಮನೆಯಲ್ಲಿ ಒಂದು ಹಣ್ಣು ಕೊಯ್ದರೂ ಎರಡು ಹೋಳನ್ನೂ ಬೆಳಕಿಗೆ ಹಿಡಿದು ನೋಡುವ ಹೆಂಗಸು ಅವಳು. ದೊಡ್ಡದಾಗಿ ಕಂಡ ಹೋಳಿನಿಂದ ಒಂದು ಚೂರು ಕೆತ್ತಿ ಇನ್ನೊಂದರ ಪಕ್ಕ ಇಡಬೇಕು, ಆಗಲೇ ಸಮಾಧಾನ. "ಕಟ್ಟಿಕೊಂಡ ಗಂಡನಿಗೂ ಒಂದು ಚೂರು ಹೆಚ್ಚಿಗೆ ಹಾಕಲ್ಲ ಕಣ್ರೀ. ಇವಳು ತಕ್ಕಡಿ, ನಾನು ಬರೀ ಕತ್ತರಿ" ಎಂದು ಅವನು ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದ. ಹೆಸರು ನಿಂತುಬಿಟ್ಟಿತು.

ಆ ದರ್ಜಿಯ ಕೈ ಹೇಗಿತ್ತು ಅಂತೀರಿ! ಕಣ್ಣು ಆಚೆ ಬೀದಿಯ ಮೇಲಿಟ್ಟುಕೊಂಡೇ ಸೂಜಿಗೆ ದಾರ ಪೋಣಿಸುತ್ತಿದ್ದ. ಕಾಗದ ಕೈಗೆ ಸಿಕ್ಕರೆ ಸುಮ್ಮನೆ ಬಿಡುವವನಲ್ಲ. ಬಸ್ಸಿನ ಚೀಟಿಯಾಗಲಿ, ಔಷಧಿಯ ಚೀಟಿಯಾಗಲಿ, ಅಂಚನ್ನು ಕಿರುಬೆರಳಗಲ ಒಳಕ್ಕೆ ಮಡಿಸಿ, ಉಗುರಿನಿಂದ ಗೀರಿ, ಆಮೇಲೆ ಉದ್ದಕ್ಕೆ ಮಡಿಸಬೇಕು. ಪ್ಯಾಂಟಿನ ತುದಿ ಹೊಲಿಯುವಾಗ ಮಡಿಸುತ್ತಾರಲ್ಲ, ಹಾಗೆ. ಅವನ ಅಂಗಡಿಯ ರಸೀದಿ ಪಡೆದವರಿಗೆಲ್ಲ ಆ ಮಡಿಕೆ ಗೊತ್ತು.

ಇರಲಿ, ಎಣಿಕೆಯ ಮಾತಿಗೆ ಬರುತ್ತೇನೆ. ಪ್ರತಿ ಚುನಾವಣೆಯಲ್ಲೂ ಮತ ಎಣಿಸುವ ಕೆಲಸಕ್ಕೆ ಕಚೇರಿಯವರು ತಕ್ಕಡಿಯಮ್ಮನನ್ನೇ ಕಳಿಸುತ್ತಿದ್ದರು. ಗುರುತು ಸರಿಯಾಗಿ ಕಾಣದ ಚೀಟಿಗಳು ಕೊನೆಗೆ ಬಂದು ಸೇರುವುದು ಅವಳ ಮೇಜಿಗೆ. ಇದು ಸಿಂಧು, ಇದು ಅಸಿಂಧು ಎಂದು ಅವಳು ಹೇಳಿದ ಮೇಲೆ ಗೆದ್ದವನೂ ಸೋತವನೂ ಬಾಯಿ ಮುಚ್ಚಿಕೊಂಡು ಸಹಿ ಹಾಕುತ್ತಿದ್ದರು. ಆ ವರ್ಷ ಮಾತ್ರ ಊರ ಗಾಳಿಯೇ ಕೆಟ್ಟಿತ್ತು. ವಾರ್ಡಿನ ಸದಸ್ಯನ ಸ್ಥಾನಕ್ಕೆ ಒಂದು ಕಡೆ ಹಳೆಯ ಶಾಲಾ ಮಾಸ್ತರರು, ಇನ್ನೊಂದು ಕಡೆ ಸಿಮೆಂಟ್ ಅಂಗಡಿಯವನು. ಎಣಿಸುವವರೆಲ್ಲ ಮಾರಿಕೊಂಡಿದ್ದಾರೆ, ಪೆಟ್ಟಿಗೆಯ ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ ಎಂದು ಎರಡೂ ಕಡೆಯವರು ಚಹಾ ಅಂಗಡಿಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದರು.

ಅದೇ ಹೊತ್ತಿಗೆ ದರ್ಜಿ ಆಸ್ಪತ್ರೆ ಸೇರಿದ. ಹಾಸಿಗೆಯಲ್ಲಿದ್ದವರು ಅಂಚೆಯಲ್ಲಿ ಮತ ಹಾಕಬಹುದಿತ್ತು. ಚೀಟಿ ತರಿಸಿಕೊಂಡು, "ನೀನು ಆಚೆ ಹೋಗು. ಎಣಿಸೋಳು ನೋಡಬಾರದು" ಎಂದು ಹೆಂಡತಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ. ಯಾರಿಗೆ ಹಾಕಿದ ಎಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಎಣಿಕೆಯ ದಿನ ಬರುವ ಮೊದಲೇ ಅವನು ಹೋಗಿಬಿಟ್ಟ.

ರಜೆ ತಗೊಳ್ಳಮ್ಮ ಎಂದು ಮೇಲಿನವರು ಹೇಳಿದರು. ಮನೆಯಲ್ಲಿ ಕೂತು ಏನು ಮಾಡುವುದು? ಅವನ ಅಂಗಡಿಯೇ ಆಗಿದ್ದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೋಡೆಗೆ ತೂಗುಬಿಟ್ಟ ಅಳತೆಯ ಪಟ್ಟಿ, ಅರ್ಧ ಹೊಲಿದ ಯಾರದೋ ಅಂಗಿಯ ತೋಳು. ಆ ತೋಳನ್ನು ನೋಡಿಕೊಂಡು ಕೂರುವುದಕ್ಕಿಂತ ಎಣಿಕೆಯ ಮೇಜೇ ವಾಸಿ ಎಂದು ಹೊರಟಳು.

ಎಣಿಕೆ ನಡೆದದ್ದು ಒಂದು ಶಾಲೆಯ ದೊಡ್ಡ ಹಾಲಿನಲ್ಲಿ. ಅವಳ ಮೇಜಿನ ಎದುರು ಎರಡು ಕಡೆಯ ಏಜೆಂಟರು: ಮಾಸ್ತರರ ಪರವಾಗಿ ಸೈಕಲ್ ರಿಪೇರಿಯವನು, ಸಿಮೆಂಟಿನವನ ಪರವಾಗಿ ಅವನ ಭಾವಮೈದುನ. ಬೆಳಿಗ್ಗೆಯೇ ಒಂದು ಚೀಟಿ ಬಂತು. ಗುರುತು ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಕೂತಿತ್ತು.

ಭಾವಮೈದುನ ಎದ್ದು ನಿಂತ. "ಮೇಡಂ, ಮುಕ್ಕಾಲು ನಮ್ಮ ಕಡೆ ಇದೆ. ಕಣ್ಣಿಗೆ ಕಾಣ್ತಿಲ್ವಾ?"

"ಮುಕ್ಕಾಲು ಮತ ಅಂತ ಇಲ್ಲಪ್ಪ" ಎಂದಳು. "ಗೆರೆ ಮೇಲೆ ಕೂತದ್ದು ಯಾರ ಮಗ್ಗುಲಿಗೂ ಅಲ್ಲ."

ಚೀಟಿ ಅಸಿಂಧುವಿನ ತಟ್ಟೆಗೆ ಹೋಯಿತು. ಅವನು ಗೊಣಗುತ್ತಾ ಕೂತ.

ಮಧ್ಯಾಹ್ನ ಅಂಚೆಯ ಚೀಟಿಗಳು ಬಂದವು. ಲಕೋಟೆ ಬೇರೆ, ಚೀಟಿ ಬೇರೆ ಮಾಡಿ, ಎಲ್ಲ ಕಲಸಿ ತಂದಿರುತ್ತಾರೆ. ಯಾರದು ಯಾವುದೆಂದು ದೇವರಿಗೂ ತಿಳಿಯಬಾರದು. ಒಂದನ್ನು ಬಿಡಿಸಲು ಹೋದವಳ ಬೆರಳಿಗೆ ಅಂಚಿನ ಆ ಕಿರಿಯ ಮಡಿಕೆ ತಾಗಿತು. ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಯಿತು. ಉಗುರು ಗೀರಿದ್ದು ಕೂಡ ಹಾಗೇ ಇತ್ತು, ಆದರೆ ಗೀರು ದಾರಿಯಲ್ಲಿ ಎರಡು ಕಡೆ ತಪ್ಪಿ ಮತ್ತೆ ಹಿಡಿದಿತ್ತು. ಬಿಡಿಸಿದಳು. ಗುರುತು ಗೆರೆಯ ಮೇಲೆ. ಅರ್ಧ ಮಾಸ್ತರರ ಕಡೆ, ಅರ್ಧ ಸಿಮೆಂಟಿನವನ ಕಡೆ, ನಡುವೆ ಶಾಯಿ ನಡುಗಿ ಹರಡಿತ್ತು.

ಇದು ನನ್ನ ಗಂಡನದು, ಬೇರೆಯವರು ನೋಡಲಿ ಎಂದು ಎದ್ದು ಹೇಳುವುದು ನ್ಯಾಯ. ಹೇಳಿದರೆ ಅವನು ಬಾಗಿಲು ಮುಚ್ಚಿಸಿ ಹಾಕಿದ ಮತವನ್ನು ತಾನೇ ಹಾಲಿನ ನಡುವೆ ಬಿಚ್ಚಿಟ್ಟಂತೆ. ಹೇಳದೆ ಕೂತರೆ, ಹೆಂಡತಿಯೇ ಗಂಡನ ಚೀಟಿ ತೂಗಿದಂತೆ.

ತಲೆ ಎತ್ತಿದರೆ ಸೈಕಲಿನವನು ಆ ಮಡಿಕೆಯನ್ನೇ ನೋಡುತ್ತಿದ್ದ. ಅವನು ತೊಟ್ಟಿದ್ದ ಪ್ಯಾಂಟು ಹೊಲಿದದ್ದು ಆ ಕೈಯೇ. ಭಾವಮೈದುನನೂ ನೋಡಿದ. ಬೆಳಿಗ್ಗೆಯಿಂದ ಹಾವು ಮುಂಗುಸಿಯಂತಿದ್ದವರು ಇಬ್ಬರೂ ಮೆತ್ತಗಾದರು.

"ಅಕ್ಕ" ಎಂದ ಸೈಕಲಿನವನು, ದನಿ ಇಳಿಸಿ. "ಇದನ್ನ ಯಾರ ಕಡೆಗಾದ್ರೂ ಹಾಕ್ಕೊಳ್ಳಿ. ನಮ್ಮದೇನೂ ತಕರಾರಿಲ್ಲ."

"ನಮ್ಮದೂ ಇಲ್ಲ" ಎಂದ ಭಾವಮೈದುನ. "ಪಾಪ, ಕೊನೇದು ಅದು."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕರುಣೆ ಬಂದು ಮೇಜಿನ ಆಚೆ ನಿಂತರೆ ಏನು ಮಾಡುವುದು? ಈ ಒಂದಕ್ಕೆ ಹೂಂ ಎಂದರೆ ಬೆಳಿಗ್ಗೆಯ ಆ ಚೀಟಿಯವರು ಯಾರೋ, ಅವರು ಮಾಡಿದ ಪಾಪವೇನು?

"ಏನು ಕೊನೇದು? ಯಾರದು?" ಎಂದಳು. "ಈ ಮೇಜಿಗೆ ಬಂದ ಮೇಲೆ ಯಾವ ಚೀಟಿಯೂ ಯಾರದೂ ಅಲ್ಲ. ಬೆಳಿಗ್ಗೆ ಇಂಥದ್ದನ್ನೇ ಎಲ್ಲಿ ಹಾಕಿದೆ?"

ಅವಳು ಅದನ್ನು ಅಸಿಂಧುವಿನ ತಟ್ಟೆಗೆ ಹಾಕಿದಳು. ಹಾಕಿದ ಮೇಲೂ ಬೆರಳು ಬಿಡಲು ಸ್ವಲ್ಪ ಹೊತ್ತು ಹಿಡಿಯಿತು.

ಮಾಸ್ತರರು ಗೆದ್ದರು. ಅಂಥ ಹತ್ತು ಚೀಟಿ ಆ ಕಡೆ ಈ ಕಡೆ ಆಗಿದ್ದರೂ ಗೆಲ್ಲುತ್ತಿದ್ದರು. ಸಿಮೆಂಟಿನವನು ತುಟಿ ಪಿಟಕ್ಕೆನ್ನದೆ ಸಹಿ ಹಾಕಿ ಹೋದ. ಊರು ತಣ್ಣಗಾಯಿತು. ತಣ್ಣಗಾಗದೆ ಉಳಿದದ್ದು ಅವಳ ಮನೆಯೊಂದೇ.

ಹಗಲು ಹೊತ್ತಿನಲ್ಲೇ ಶುರುವಾಯಿತು. ಊಟ ಮಾಡಿ ಕೂತಿರುವಾಗ ಮುಂದಿನ ಕೋಣೆಯಲ್ಲಿ ಕತ್ತರಿ ಆಡುವ ಸದ್ದು. ಬಟ್ಟೆಯ ಉದ್ದಕ್ಕೆ ಸರ್ರನೆ ಹೋಗಿ, ನಡುವೆ ಅರ್ಧಕ್ಕೇ ನಿಲ್ಲುತ್ತಿತ್ತು, ಏನೋ ಕೇಳಿ ಉತ್ತರಕ್ಕೆ ಕಾದವರ ಹಾಗೆ. ಎದ್ದು ಹೋದರೆ ಬಿಸಿಲು, ಯಂತ್ರ, ಆ ಅಂಗಿಯ ತೋಳು. ಒಮ್ಮೊಮ್ಮೆ ಬಾಗಿಲಲ್ಲಿ ನಿಂತು ಕೇಳಿಯೂ ಬಿಡುತ್ತಿದ್ದಳು: "ಯಾರಿಗೆ ಹಾಕಿದ್ರಿ? ಈಗಲಾದ್ರೂ ಹೇಳಿ." ಬದುಕಿದ್ದಾಗ ಬಾಯಿ ಮುಚ್ಚದವನು ಈಗ ಒಂದು ಮಾತೂ ಆಡಲಿಲ್ಲ.

ಅದರ ಮೇಲೆ ದೊಡ್ಡಕ್ಕ. ದರ್ಜಿಯ ಅಕ್ಕ ಅವಳು, ಹಿಂದಿನ ಬೀದಿಯಲ್ಲೇ ಮನೆ. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಗಳ ಹೆರಿಗೆಗೆಂದು ದೂರ ಹೋಗಿದ್ದವಳು ತಿರುಗಿ ಬಂದದ್ದು ತಮ್ಮನ ಹೆಣ ನೋಡಲು. ಸೈಕಲಿನವನು ಹೆಂಡತಿಗೆ ಹೇಳಿದ, ಹೆಂಡತಿ ನಲ್ಲಿಯ ಹತ್ತಿರ ಹೇಳಿದಳು, ಮಾತು ದೊಡ್ಡಕ್ಕನ ಕಿವಿಗೆ ಬಿತ್ತು. ಬಂದವಳು ಒಳಗೆ ಕಾಲಿಡಲಿಲ್ಲ.

"ಅವರಿಬ್ಬರೂ ಬೇಡ ಅನ್ನಲಿಲ್ವಂತಲ್ಲೇ. ಪರರಿಗೆ ಬಂದ ಮರುಕ ನಿನಗೆ ಬರಲಿಲ್ಲ. ಗಂಡನಿಗಿಂತ ಗೆರೆ ದೊಡ್ಡದಾಯ್ತು ನಿನಗೆ" ಎಂದು ಹೊಸ್ತಿಲ ಆಚೆಯಿಂದಲೇ ಅಂದು ಹೋದಳು. ಆಮೇಲೆ ಎದುರಿಗೆ ಸಿಕ್ಕರೂ ಗೋಡೆ ನೋಡಿದ ಹಾಗೆ ನೋಡುತ್ತಿದ್ದಳು.

ತಕ್ಕಡಿಯಮ್ಮನಿಗೆ ಉಳಿದಿದ್ದ ನೆಂಟಸ್ತಿಕೆ ಅಷ್ಟೇ, ಆ ಒಂದು ಮನೆ. ನೀರಿನ ಕಚೇರಿಯ ಕಿಟಕಿಯಲ್ಲಿ ಚಿಲ್ಲರೆ ಕೊಡುವಾಗಲೂ ಅವಳ ಕಣ್ಣು ಜನರ ಕೈಯ ಮೇಲೆ ಹೋಗಿ ನಿಲ್ಲತೊಡಗಿತು. ಯಾರ ಕೈ ನಡುಗುತ್ತದೆ, ಯಾರದು ಇಲ್ಲ.

ಹೀಗೇ ಬಹಳ ಕಾಲ ಕಳೆಯಿತು. ಮುಂದಿನ ಚುನಾವಣೆಯ ಗೋಡೆಬರಹ ಶುರುವಾದ ಮೇಲೆ ಒಂದು ಸಂಜೆ ದೊಡ್ಡಕ್ಕ ತಾನಾಗಿ ಬಂದಳು. ಒಳಗೂ ಬಂದಳು. ಕುರ್ಚಿ ಬಿಟ್ಟು ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು.

"ಜಗಳಕ್ಕೆ ಬಂದಿಲ್ಲ. ಒಂದು ಮಾತು ಕೇಳ್ತೀನಿ, ಹೇಳಿಬಿಡು. ಅವನು ಯಾರಿಗೆ ಹಾಕಿದ್ದ?"

"ಗೊತ್ತಿಲ್ಲ ಅಕ್ಕ."

"ಕಣ್ಣಾರೆ ನೋಡಿದ್ದೀಯ."

"ನೋಡಿದೆ. ಆದ್ರೂ ಗೊತ್ತಾಗಲಿಲ್ಲ. ಅತ್ತ ಇತ್ತ ಎರಡೂ ಕಡೆ ಹರಡಿಹೋಗಿತ್ತು."

ದೊಡ್ಡಕ್ಕ ಯಂತ್ರದ ಚಕ್ರ ಸವರಿದಳು. "ಅಷ್ಟು ನಡುಗ್ತಿತ್ತಾ ಅವನ ಕೈ?"

"ಹೂಂ."

"ಆ ವಾರ ಫೋನಲ್ಲಿ ಮಾತಾಡಿದ್ನಲ್ಲ ನನ್ನ ಹತ್ರ. ಸೂಜಿಗೆ ದಾರ ಪೋಣಿಸ್ತಾ ಇದ್ದೀನಿ, ಆಮೇಲೆ ಮಾಡ್ತೀನಿ ಇಡಕ್ಕ ಅಂದ."

"ಆಗ ಆಸ್ಪತ್ರೆ ಹಾಸಿಗೇಲಿದ್ರು. ಫೋನು ಕಿವಿಗೆ ನಾನೇ ಹಿಡ್ಕೊಂಡಿದ್ದೆ. ನೀರಿನ ಲೋಟಾನೂ ನಾನೇ ಹಿಡೀಬೇಕಿತ್ತು. ನಿಮಗೆ ಹೇಳಬೇಡ ಅಂತ ಕಣ್ಣಲ್ಲೇ ಬೇಡಿಕೊಂಡ್ರು."

ದೊಡ್ಡಕ್ಕ ಅಳಲಿಲ್ಲ. ಗೋಡೆಗೆ ನೇತಿದ್ದ ಅಳತೆಯ ಪಟ್ಟಿಯನ್ನು ತೆಗೆದು ಸುರುಳಿ ಸುತ್ತತೊಡಗಿದಳು. ಸುತ್ತಿದ್ದು ಬಿಚ್ಚಿಹೋಯಿತು, ಮತ್ತೆ ಸುತ್ತಿದಳು.

"ಆ ತಟ್ಟೆಯಲ್ಲಿ ಇನ್ನೂ ಯಾರಾರದ್ದಿತ್ತು?"

"ತುಂಬ ಜನರದ್ದು."

"ಅವರದ್ದೂ ಹೀಗೇನಾ?"

"ಇರಬಹುದು ಅಕ್ಕ. ಇಷ್ಟು ವರ್ಷ ಹಾಕಿದೆ, ನಾನು ಯಾವತ್ತೂ ಆ ಚೀಟಿ ಹಿಂದೆ ಕೈ ಇದೆ ಅಂತ ನೋಡಿರಲಿಲ್ಲ. ಈಗ ಕಣ್ಣು ಮುಚ್ಚಿದ್ರೆ ಬರೀ ಕೈಗಳು."

"ಈ ಸಲವೂ ಹೋಗ್ತೀಯಾ ಎಣಿಸೋಕೆ?"

"ಕರೆದಿದ್ದಾರೆ. ಹೋಗ್ತೀನಿ."

"ಅಂಥದ್ದೇ ಬಂದ್ರೆ?"

"ಅದೇ ತಟ್ಟೆಗೆ ಹಾಕ್ತೀನಿ."

"ನಂದೇ ಬಂದ್ರೂ?"

"ನಿಮ್ಮದು ಬಂದ್ರೂ."

"ಹಾಳಾದೋಳು" ಎಂದಳು ದೊಡ್ಡಕ್ಕ, ಬೈದ ಹಾಗಿರಲಿಲ್ಲ. "ಹಾಗಾದ್ರೆ ನಾನು ಗಟ್ಟಿಯಾಗಿ ಒತ್ತಿಯೇ ಹಾಕ್ತೀನಿ ಬಿಡು."

ಪಟ್ಟಿ ಅವಳ ಮಡಿಲಲ್ಲಿತ್ತು. ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು, ಅದು ಅಲ್ಲಾಡದ ಹಾಗೆ. ತಕ್ಕಡಿಯಮ್ಮ ನೋಡಿದಳು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಲೋಟ ತಂದಾಗ ಕೈಗೆ ಕೊಡಲಿಲ್ಲ, ಯಂತ್ರದ ಮೇಲೆ, ಅವಳಿಗೆ ಎಟಕುವಷ್ಟು ಹತ್ತಿರಕ್ಕೆ ಇಟ್ಟಳು.